ಅಂಗಡಿ ಮಂಗಳೂರಿನಲ್ಲಿ, ದೂರು ಕಾಸರಗೋಡಿನಲ್ಲಿ

ಮಂಗಳೂರಿನಲ್ಲಿ ಕೊಂಡದ್ದು ಕೆಟ್ಟರೆ ಕಾಸರಗೋಡಿನಲ್ಲೇ ದೂರು ಕೊಡಬಹುದೇ ಅಂತ ನೀವು ಕೇಳಿದ್ದು ಒಳ್ಳೆಯದೇ ಆಯಿತು. ನಾವಿರುವುದು ಕೇರಳದಲ್ಲಿ, ನಮ್ಮ ಪೇಟೆ ಮಂಗಳೂರು. ಚಿನ್ನ, ಫ್ರಿಜ್, ಮದುವೆ ಸೀರೆ, ಆಸ್ಪತ್ರೆ ಅಂತ ತಲಪಾಡಿಯ ಗಡಿ ದಾಟುವವರು ಜಾಸ್ತಿ, ಅದರಲ್ಲೂ ಮಂಜೇಶ್ವರ ಕಡೆಯವರು. ಕೊಂಡದ್ದು ಕೆಟ್ಟರೆ ಮಾತ್ರ ‘ಅದು ಕರ್ನಾಟಕದ ಅಂಗಡಿ, ಇಲ್ಲಿಂದ ಏನು ಮಾಡುವುದು’ ಅಂತ ಸುಮ್ಮನಾಗುತ್ತಾರೆ.

ಹಿಂದೆ ಆ ಮಾತಿನಲ್ಲಿ ಅರ್ಥವಿತ್ತು. 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಅಂಗಡಿ ಇರುವ ಇಲ್ಲವೇ ವ್ಯವಹಾರ ನಡೆದ ಜಿಲ್ಲೆಗೇ ಹೋಗಿ ದೂರು ಕೊಡಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾದ ಮೇಲೆ, ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ಮಂಗಳೂರಿನ ಅಂಗಡಿಯ ಮೇಲೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸು! ಗಡಿಯವರಿಗೆ ಆ ಕಾಯ್ದೆ ಮಾಡಿದ ದೊಡ್ಡ ಉಪಕಾರ ಇದೇ ಅನ್ನುತ್ತೇನೆ. ಬಿಲ್ಲಿನ ಅಡಿಯಲ್ಲಿ ‘ತಕರಾರು ಮಂಗಳೂರು ಕೋರ್ಟಿಗೆ ಮಾತ್ರ’ ಅಂತ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದಕ್ಕೆ ಹೆದರಬೇಡಿ.

ಆದರೆ ಬಿಲ್ ಇರಲಿ. ‘ಬಿಲ್ ಬೇಡವಾದರೆ ಸ್ವಲ್ಪ ಕಡಿಮೆ ಮಾಡುತ್ತೇವೆ’ ಎಂದರೆ ಕರಗುವವರು ಗಡಿಯ ಎರಡೂ ಕಡೆ ಇದ್ದಾರೆ. ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ತಪ್ಪು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡೂ ದೋಷವಿರುವ ಮಾಲಿಗೆ ನಡೆಯುವುದಿಲ್ಲ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಹೆಸರು ಕೆಡುವ ಭಯ ಇರುವ ದೊಡ್ಡ ಕಂಪನಿ ಇದಕ್ಕೆ ಬಗ್ಗೀತು. ಸಣ್ಣ ಅಂಗಡಿಯವನು ಕ್ಯಾರೇ ಅನ್ನದಿರಬಹುದು. ಆಗ ಏನಾಯಿತು, ಏನು ಬೇಕು ಅಂತ ಬರೆದು ಅಂಗಡಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಆಯೋಗ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆಯಾದ 2 ವರ್ಷದೊಳಗೆ ಕೊಡಬೇಕು, ಅಷ್ಟೇ. ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಿಲ್ಲದ ಕೇಸನ್ನು 3 ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರ್ ನೋಡುತ್ತ ಕೂರಬೇಡಿ.

ದುಡ್ಡು ಕೊಟ್ಟು ಚಿಕಿತ್ಸೆ ಪಡೆದ ಖಾಸಗಿ ಆಸ್ಪತ್ರೆಯ ಮೇಲೂ ಇದೇ ದಾರಿ. ಅಲ್ಲಿ ಮಾತ್ರ ವಕೀಲರನ್ನೂ ಇನ್ನೊಬ್ಬ ಡಾಕ್ಟರನ್ನೂ ಕೇಳಿಯೇ ಮುಂದೆ ಹೋಗಿ.