ಓದುಗರ ಪ್ರಶ್ನೆ: ಇ-ಎಂಟಿಬಿಗೆ (ಮೋಟಾರ್ ನೆರವಿನ ಮೌಂಟನ್ ಬೈಕ್‌ಗೆ) ಯಾವ ಗೇರ್, ಯಾವ ಟೈರ್?

ಪ್ರಶ್ನೆ: ನನ್ನದು ಪೆಡಲ್ ಬಳಿಯೇ ಮೋಟಾರ್ ಇರುವ 29 ಇಂಚಿನ ಇ-ಎಂಟಿಬಿ. ಮುಂದೆ 38 ಹಲ್ಲು, ಹಿಂದೆ 11–42 ಹಲ್ಲುಗಳ ಹತ್ತು ಗೇರ್. ಕಾಫಿ ತೋಟದ ಕಡಿದಾದ ಮಣ್ಣು ದಾರಿಯಲ್ಲಿ ಕಡೆಯ ಗೇರ್‌ಗೆ ಬಂದರೂ ಮೋಟಾರ್ ನರಳುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇನ್ನೂ ದೊಡ್ಡ ಮೋಟಾರ್ ಬೇಕೇ?
— ಓದುಗರು, ಮೂಡಿಗೆರೆ

ಉತ್ತರ: ಬೇಡ. ಇರುವ ಮೋಟಾರ್‌ಗೇ ಸರಿಯಾದ ಗೇರ್ ಕೊಡಿ. ಅಲ್ಲದೆ ನಮ್ಮಲ್ಲಿ ನೋಂದಣಿಯಿಲ್ಲದೆ ಓಡಿಸಬೇಕೆಂದರೆ ಮೋಟಾರ್ 250 ವ್ಯಾಟ್ ಒಳಗೆ, ವೇಗ 25 ಕಿ.ಮೀ. ಒಳಗೆ ಇರಬೇಕು.

29×2.4 ಟೈರ್ ಒಂದು ಸುತ್ತು ಉರುಳಿದರೆ ಸುಮಾರು 2.3 ಮೀಟರ್. ಮುಂದೆ 38, ಹಿಂದೆ 42 ಇದ್ದಾಗ ಪೆಡಲ್‌ನ ಒಂದು ಸುತ್ತಿಗೆ ಚಕ್ರ 0.9 ಸುತ್ತು ಹೋಗುತ್ತದೆ. ಏರಿನಲ್ಲಿ ವೇಗ ಗಂಟೆಗೆ 5 ಕಿ.ಮೀ.ಗೆ ಇಳಿದರೆ ನೀವು ನಿಮಿಷಕ್ಕೆ ತುಳಿಯುವುದು ಬರೀ 40 ಸುತ್ತು. ಮಿಡ್‌ಡ್ರೈವ್ (ಪೆಡಲ್ ಬಳಿ ಕೂರುವ) ಮೋಟಾರ್ ನಿಮ್ಮ ಪೆಡಲ್ ಜೊತೆಗೇ ತಿರುಗುವುದರಿಂದ ಅದೂ ನಿಧಾನವಾಗುತ್ತದೆ. ಆಗ ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆದು, ಅದರ ದೊಡ್ಡ ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಈ ಮೋಟಾರ್‌ಗಳು ಚೆನ್ನಾಗಿ ಓಡುವುದು 70ರಿಂದ 90 ಸುತ್ತಿನ ನಡುವೆ.

ಮುಂದಿನ ಚೈನ್‌ರಿಂಗನ್ನು (ಪೆಡಲ್ ಬಳಿಯ ಹಲ್ಲಿನ ಚಕ್ರವನ್ನು) 32ಕ್ಕೆ ಇಳಿಸಿ, ಹಿಂದೆ 11–46 ಕ್ಯಾಸೆಟ್ (ಹಿಂದಿನ ಗೇರ್‌ಗಳ ಗೊಂಚಲು) ಹಾಕಿ. ಅದೇ 5 ಕಿ.ಮೀ.ಗೆ 52 ಸುತ್ತು ಬರುತ್ತದೆ, 7 ಕಿ.ಮೀ. ಆದರೆ 70 ದಾಟುತ್ತದೆ. ಸಮತಟ್ಟು ರಸ್ತೆಯ ವೇಗ ಹೋಯಿತೆಂಬ ಚಿಂತೆ ಬೇಡ: 32ಕ್ಕೆ 11ರ ಗೇರ್‌ನಲ್ಲಿ 70 ಸುತ್ತು ತುಳಿದರೆ ಗಂಟೆಗೆ 28 ಕಿ.ಮೀ. ಬರುತ್ತದೆ, ಮೋಟಾರ್ ನೆರವು 25ಕ್ಕೇ ನಿಲ್ಲುತ್ತದೆ.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಚೈನ್‌ರಿಂಗ್ ನಿಮ್ಮ ಮೋಟಾರ್‌ನ ಮೌಂಟ್‌ಗೇ ಕೂರಬೇಕು. ಬಾಷ್ ಮೋಟಾರ್‌ನದು ಶಿಮಾನೋ ಮೋಟಾರ್‌ಗೆ ಬರುವುದಿಲ್ಲ. ಹಿಂದಿನ ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ದಾಟಿಸುವ ಭಾಗ) 46 ಹಲ್ಲು ತಡೆಯುವಂಥದ್ದೇ ಆಗಿರಬೇಕು. 42ರವರೆಗಿನದಾದರೆ ಅದರ ಮೇಲಿನ ಗಾಲಿ ದೊಡ್ಡ ಗೇರ್‌ಗೆ ಉಜ್ಜುತ್ತದೆ. ಚೈನ್ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಬಾರದು, ಮುಂದೆ ಕಡಿಮೆಯಾದದ್ದು ಹಿಂದೆ ಬಹುತೇಕ ಸರಿಹೋಗುತ್ತದೆ. ಆದರೂ ಅಳೆಯಿರಿ: ಡಿರೇಲರ್ ಬಿಟ್ಟು, ಮುಂದಿನ ರಿಂಗ್ ಮತ್ತು ಹಿಂದಿನ ದೊಡ್ಡ ಗೇರ್ ಮೇಲೆ ಚೈನ್ ಸುತ್ತಿ, ಕೂಡುವ ಜಾಗಕ್ಕೆ ಇನ್ನೆರಡು ಕೊಂಡಿ ಸೇರಿಸಿ. ಹಿಂದೆ ಸಸ್ಪೆನ್ಷನ್ ಇದ್ದರೆ ಅದನ್ನು ಕುಗ್ಗಿಸಿ, ಆ್ಯಕ್ಸಲ್ ಅತಿ ದೂರ ಹೋದಾಗ ಅಳೆಯಬೇಕು. ಇದನ್ನು ಮರೆತರೆ ದೊಡ್ಡ ಹಳ್ಳಕ್ಕೆ ಇಳಿದಾಗ ಡಿರೇಲರ್ ಕಿತ್ತುಬರುತ್ತದೆ.

ಹೊಸ ಕ್ಯಾಸೆಟ್‌ಗೆ ಹೊಸ ಚೈನೇ ಹಾಕಿ. ಮೋಟಾರ್‌ನ ಬಲ, ಕಾಲಿನ ಬಲ ಎರಡೂ ಒಂದೇ ಚೈನ್ ಮೂಲಕ ಹೋಗುವುದರಿಂದ ಇದು ಮಾಮೂಲಿ ಸೈಕಲ್‌ಗಿಂತ ಬೇಗ ಸವೆಯುತ್ತದೆ. ಚೈನ್ ಅಳೆಯುವ ಗೇಜ್ ಒಂದನ್ನು ಇಟ್ಟುಕೊಳ್ಳಿ: ಹತ್ತು ಗೇರ್‌ನಲ್ಲಿ 0.75, ಹನ್ನೊಂದು–ಹನ್ನೆರಡರಲ್ಲಿ 0.5 ತೋರಿಸಿದಾಗ ಬದಲಿಸಿ. ತಡ ಮಾಡಿದರೆ ಕ್ಯಾಸೆಟ್ ಕೂಡ ಹೋಗುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಅರ್ಧ ಸುತ್ತು ಕಾಲಿನ ಒತ್ತಡ ಸಡಿಲಿಸಿ, ಒಂದೊಂದೇ ಗೇರ್ ಬದಲಿಸಿ. ಏರಿನ ನಡುವೆ ಪೂರ್ತಿ ಬಲ ಹಾಕಿ ನಾಲ್ಕು ಗೇರ್ ಒಟ್ಟಿಗೆ ದಾಟಿಸುವುದೇ ಚೈನ್ ಹರಿಯಲು ಮುಖ್ಯ ಕಾರಣ.

ಪ್ರಶ್ನೆ: ಬಳ್ಳಾರಿ ಜಾಲಿ ಮುಳ್ಳು ಟೈರನ್ನು ಮತ್ತೆ ಮತ್ತೆ ಪಂಕ್ಚರ್ ಮಾಡುತ್ತಿದೆ. ಯಾವ ಟೈರ್ ಹಾಕಲಿ, ಎಷ್ಟು ಗಾಳಿ ಹಾಕಲಿ?
— ಓದುಗರು, ಹೊಸಪೇಟೆ

ಉತ್ತರ: ನಿಮ್ಮ ಕಡೆ ಟ್ಯೂಬ್‌ಲೆಸ್ ಮಾಡುವುದೇ ಸರಿ. ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗುವಂಥದ್ದಾಗಿರಬೇಕು, ಒಳಗೆ ಟೇಪ್, ತೆಗೆಯಬಹುದಾದ ಕೋರ್ (ವಾಲ್ವ್‌ನ ಒಳಭಾಗ) ಇರುವ ವಾಲ್ವ್ ಬೇಕು. 29×2.4 ಟೈರ್‌ಗೆ 100–120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಬಯಲುಸೀಮೆಯ ಬಿಸಿಲಿಗೆ ಅದು ಒಣಗಿ ಹೋಗುವುದರಿಂದ ಎರಡು–ಮೂರು ತಿಂಗಳಿಗೊಮ್ಮೆ ವಾಲ್ವ್‌ನ ಕೋರ್ ತೆಗೆದು ನೋಡಿ, 60 ಮಿ.ಲೀ. ಸೇರಿಸಿ. ಮುಳ್ಳು ಕಿತ್ತ ಮೇಲೆ ತೂತನ್ನು ಕೆಳಮುಖ ಮಾಡಿ ನಿಲ್ಲಿಸಿದರೆ ಸೀಲೆಂಟ್ ಅಲ್ಲಿಗೆ ಇಳಿದು ಮುಚ್ಚುತ್ತದೆ.

ಹಿಂದಿನ ಟೈರ್‌ಗೆ ದಪ್ಪ ಕೇಸಿಂಗ್ (ರಬ್ಬರ್ ಕೆಳಗಿನ ಬಟ್ಟೆಯ ಪದರ) ಆರಿಸಿ. ಸೈಕಲ್ಲೇ ಇಪ್ಪತ್ತು ಕಿಲೋ ದಾಟಿದಾಗ ತೆಳು ಪಕ್ಕದ ಟೈರ್ ಕಲ್ಲಿಗೆ ಸೀಳುತ್ತದೆ. ಮ್ಯಾಕ್ಸಿಸ್‌ನಲ್ಲಾದರೆ ಹಿಂದಕ್ಕೆ ಎಕ್ಸೋ ಪ್ಲಸ್ ಅಥವಾ ಡಬಲ್‌ಡೌನ್ ಎಂಬ ಕೇಸಿಂಗ್ ಸಾಕು. ಮೆತ್ತನೆ ರಬ್ಬರ್ ಮುಂದಕ್ಕೆ ಇರಲಿ, ತಿರುವಿನಲ್ಲಿ ಹಿಡಿಯುವುದು ಅದೇ. ಅದನ್ನು ಹಿಂದಕ್ಕೆ ಹಾಕಿದರೆ ಮೋಟಾರ್ ಎಳೆತಕ್ಕೆ ನಡುವಿನ ಗುಬ್ಬಿಗಳು (ಟೈರ್ ಮೇಲಿನ ರಬ್ಬರ್ ಉಬ್ಬುಗಳು) ಬೇಗ ಸವೆಯುತ್ತವೆ, ಬ್ಯಾಟರಿಯೂ ಕಡಿಮೆ ದೂರ ಬರುತ್ತದೆ. ಟೈರ್ ಪಕ್ಕದಲ್ಲಿ ಇ-25 ಗುರುತಿದ್ದರೆ 25 ಕಿ.ಮೀ. ನೆರವಿನ ಸೈಕಲ್‌ಗೆ ಸಾಲುತ್ತದೆ.

75 ಕಿಲೋ ತೂಕದ ಸವಾರರಾದರೆ ಮುಂದೆ 22, ಹಿಂದೆ 25 ಪಿಎಸ್ಐನಿಂದ ಶುರುಮಾಡಿ. ರಿಮ್ ಕಲ್ಲಿಗೆ ಬಡಿದರೆ 2 ಹೆಚ್ಚಿಸಿ. ಟ್ಯೂಬ್ ಇದ್ದರೆ 28–32 ಬೇಕು, ಕಡಿಮೆಯಾದರೆ ಟ್ಯೂಬ್ ರಿಮ್‌ಗೆ ಸಿಕ್ಕಿ ಎರಡು ತೂತು ಬೀಳುತ್ತವೆ.

ಪ್ರಶ್ನೆ: ಹಿಂದಿನ ಚಕ್ರದಲ್ಲೇ 250 ವ್ಯಾಟ್ ಮೋಟಾರ್ ಇರುವ 26 ಇಂಚಿನ ಸೈಕಲ್. ಮುಂದೆ 42, ಹಿಂದೆ 14–28ರ ಏಳು ಗೇರ್. ನಂದಿ ಬೆಟ್ಟ ಹತ್ತುವಾಗ ಮೋಟಾರ್ ಕೈಯಿಡಲಾಗದಷ್ಟು ಸುಡುತ್ತದೆ. ಗೇರ್ ಬದಲಿಸಿದರೆ ಸರಿಹೋದೀತೇ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಹಬ್ ಮೋಟಾರ್‌ಗೆ (ಚಕ್ರದ ನಡುವೆಯೇ ಇರುವ ಮೋಟಾರ್‌ಗೆ) ನಿಮ್ಮ ಗೇರ್ ತಾಕುವುದೇ ಇಲ್ಲ, ಅದು ಚಕ್ರದ ವೇಗಕ್ಕೆ ತಕ್ಕಂತೆಯೇ ತಿರುಗುತ್ತದೆ. ವೇಗ ಗಂಟೆಗೆ 10 ಕಿ.ಮೀ.ಗಿಂತ ಕಡಿಮೆಯಾದಷ್ಟೂ ಹೆಚ್ಚು ಬಿಸಿಯಾಗುತ್ತದೆ. ಗೇರ್‌ನಿಂದ ಆಗುವ ಉಪಕಾರವೆಂದರೆ ನಿಮ್ಮ ಕಾಲು ಹೆಚ್ಚು ದುಡಿದು ಮೋಟಾರ್ ಹೊರೆ ಇಳಿಸಬಹುದು. ನಿಮಿಷಕ್ಕೆ 60 ಸುತ್ತು ತುಳಿಯಲು ನಿಮ್ಮ ಈಗಿನ ಕಡೆಯ ಗೇರ್ ಗಂಟೆಗೆ 11 ಕಿ.ಮೀ. ವೇಗ ಕೇಳುತ್ತದೆ. ಹಿಂದೆ 14–34 ಹಾಕಿದರೆ 9ಕ್ಕೆ ಇಳಿಯುತ್ತದೆ, ಮುಂದೂ 34 ಮಾಡಿದರೆ ಏಳೂವರೆಗೆ.

ನಿಮ್ಮ ಹಿಂದಿನ ಗೇರ್ ಗೊಂಚಲು ಬಹುಶಃ ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್, ಅದಕ್ಕೆ ಕ್ಯಾಸೆಟ್ ಕೂರುವುದಿಲ್ಲ. ಬಿಚ್ಚುವ ಉಪಕರಣದ ನಡುವಿನ ತೂತು 12 ಮಿ.ಮೀ. ಮೋಟಾರ್ ಆ್ಯಕ್ಸಲ್‌ಗಿಂತ ಅಗಲವಿರಬೇಕು. ಅಂಗಡಿಯಲ್ಲಿ ಸಿಗುವ ಹಲವು ಕೂರುವುದೇ ಇಲ್ಲ. ಮೋಟಾರ್ ವೈರ್ ಫ್ರೀವೀಲ್ ಕಡೆಯಿಂದ ಹೊರಬಂದಿದ್ದರೆ ಅದರ ಕನೆಕ್ಟರ್ ತೂತಿನಲ್ಲಿ ತೂರುತ್ತದೆಯೇ ಎಂದೂ ಮೊದಲೇ ನೋಡಿ. ಚಕ್ರ ಬಿಚ್ಚುವಾಗ ವಾಷರ್‌ಗಳ ಕ್ರಮದ ಫೋಟೋ ತೆಗೆದುಕೊಳ್ಳಿ. ಹಲ್ಲಿರುವ ವಾಷರ್ ಅಥವಾ ಟಾರ್ಕ್ ಆರ್ಮ್ (ಆ್ಯಕ್ಸಲ್ ತಿರುಗದಂತೆ ಹಿಡಿಯುವ ಪಟ್ಟಿ) ತಪ್ಪಾಗಿ ಕೂತರೆ ಆ್ಯಕ್ಸಲ್ ತಿರುಗಿ ವೈರ್ ಹರಿಯುತ್ತದೆ. ಗೇರ್ ಬದಲಿಸಿದ ಮೇಲೂ ಆ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಬೇಡಿ. ಕೈಯಿಡಲಾಗದಷ್ಟು ಬಿಸಿಯಾದರೆ ನಿಂತು ತಣಿಸಿ.

ಪ್ರಶ್ನೆ: ಎರೆ ಹೊಲದ ಮಳೆಗಾಲಕ್ಕೆ 2.6 ಅಗಲದ ಟೈರ್ ಹಾಕಬಹುದೇ?
— ಓದುಗರು, ಗದಗ

ಉತ್ತರ: ಹಾಕಬೇಡಿ, 2.25 ಸಾಕು. ಗುಬ್ಬಿಗಳು ಎತ್ತರವಾಗಿ, ದೂರದೂರ ಇರಲಿ. ಟೈರ್‌ಗೂ ಫ್ರೇಮ್‌ಗೂ ಎರಡು ಕಡೆಯೂ ಕನಿಷ್ಠ 6 ಮಿ.ಮೀ. ಜಾಗ ಬೇಕು, ಎರೆಮಣ್ಣಿಗೆ ಅದೂ ಸಾಲದು. ಮಣ್ಣು ತುಂಬಿ ಚೈನ್ ಬಿಗಿದರೂ ಮಿಡ್‌ಡ್ರೈವ್ ಮೋಟಾರ್ ತಳ್ಳುತ್ತಲೇ ಇರುತ್ತದೆ, ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ಹ್ಯಾಂಗರ್ ಮುರಿದು, ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಲುಕುತ್ತದೆ. ಪೆಡಲ್ ಭಾರವಾಯಿತೆಂದರೆ ಕೂಡಲೇ ಇಳಿದು, ಮೋಟಾರ್ ಆಫ್ ಮಾಡಿ, ಮರದ ಕಡ್ಡಿಯಿಂದ ಮಣ್ಣನ್ನು ಕೆರೆದು ತೆಗೆಯಿರಿ. ಮನೆಗೆ ಬಂದ ಮೇಲೆ ಮಣ್ಣು ಒಣಗುವ ಮೊದಲು ಬಕೆಟ್ ನೀರು, ಬ್ರಷ್‌ನಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್‌ನ ಜೋರು ನೀರನ್ನು ಮೋಟಾರ್ ಸೀಲ್‌ಗೂ ಹಬ್‌ಗೂ ಹಿಡಿಯಬೇಡಿ.