ಬೋರ್ಡು ತುಂಬಾ ಇದೆ, ದಾರಿ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ನಮ್ಮದು 50 ಹಾಸಿಗೆಯ ಆಸ್ಪತ್ರೆ. ಪಕ್ಕದ ಹಳೇ ಕಟ್ಟಡವನ್ನೂ ಕೊಂಡು ಎರಡನ್ನೂ ಜೋಡಿಸಿದ್ದೇವೆ. ಆಮೇಲಿಂದ ರೋಗಿಗಳು ದಿನವಿಡೀ ದಾರಿ ಕೇಳುತ್ತಾರೆ, ನರ್ಸ್‌ಗಳಿಗೆ ಅದೇ ಒಂದು ಕೆಲಸ ಆಗಿದೆ. ಬೋರ್ಡ್ ಮಾಡುವವರು 80 ಬೋರ್ಡಿಗೆ ಕೊಟೇಶನ್ ಕೊಟ್ಟಿದ್ದಾರೆ. ಮಾಡಿಸೋಣವೇ?
— ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು, ದಾವಣಗೆರೆ ಜಿಲ್ಲೆ

ಉತ್ತರ: ಸ್ವಲ್ಪ ತಡೆಯಿರಿ ಸರ್. ಮೊದಲು ನಿಮ್ಮ ಆಸ್ಪತ್ರೆಗೆ ಯಾವತ್ತೂ ಬರದವರೊಬ್ಬರನ್ನು, ವಯಸ್ಸಾದವರಾದರೆ ಇನ್ನೂ ಒಳ್ಳೆಯದು, ಗೇಟಿನಲ್ಲಿ ನಿಲ್ಲಿಸಿ ಕೈಗೊಂದು ಚೀಟಿ ಕೊಡಿ. ರಕ್ತ ಕೊಟ್ಟು, ಎಕ್ಸ್‌ರೇ ತೆಗೆಸಿ, ಮತ್ತೆ ಡಾಕ್ಟರ ಹತ್ತಿರ ಬನ್ನಿ ಅಂತ ಹೇಳಿ ಕಳಿಸಿ. ನೀವು ಹತ್ತು ಹೆಜ್ಜೆ ಹಿಂದೆ ಸುಮ್ನೆ ನಡೆಯಿರಿ, ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ಅತ್ತಿತ್ತ ನೋಡುತ್ತಾರೋ ಅಲ್ಲಿ ನೆಲಕ್ಕೆ ಒಂದು ಚೂರು ಟೇಪ್ ಅಂಟಿಸಿ. ನಾಲ್ಕೈದು ಜನರನ್ನು ಹೀಗೆ ಕಳಿಸಿದ ಮೇಲೆ ನೋಡಿ, ಟೇಪುಗಳೆಲ್ಲ ಕೆಲವೇ ಜಾಗದಲ್ಲಿ ಗುಂಪಾಗಿರುತ್ತವೆ: ಲಿಫ್ಟಿನ ಬಾಗಿಲು, ಮೆಟ್ಟಿಲು ಹತ್ತಿ ಮೇಲೆ ಬಂದ ಕೂಡಲೇ ಸಿಗುವ ಜಾಗ, ಎರಡು ಕಟ್ಟಡ ಸೇರುವ ಕಡೆ. ಬೋರ್ಡು ಬೇಕಾಗಿರುವುದು ಅಲ್ಲಿ. 80 ಬೇಕಾಗಲಿಕ್ಕಿಲ್ಲ.

ಆದರೆ ಅದಕ್ಕೂ ಮುಂಚಿನ ಕೆಲಸ ಹೆಸರಿನದು. ಹಳೇ ಕಟ್ಟಡ, ಹೊಸ ಕಟ್ಟಡ ಸೇರಿಸಿದಾಗ ಮಹಡಿಗಳ ಮಟ್ಟ ಎಷ್ಟೋ ಸಲ ಹೊಂದುವುದಿಲ್ಲ, ಅಲ್ಲಿ ಮೊದಲ ಮಹಡಿ ಅಂದದ್ದು ಇಲ್ಲಿ ಎರಡನೆಯದಾಗಿರುತ್ತದೆ, ರೂಂ ನಂಬರ್ 12 ಎರಡೂ ಕಡೆ ಇರುತ್ತದೆ. ಇದನ್ನು ಎಷ್ಟು ದುಡ್ಡಿನ ಬೋರ್ಡೂ ಸರಿಮಾಡುವುದಿಲ್ಲ. ಎ ಬ್ಲಾಕ್, ಬಿ ಬ್ಲಾಕ್ ಅಂತ ಮಾಡಿ ರೂಮುಗಳಿಗೆ ಹೊಸದಾಗಿ ನಂಬರ್ ಕೊಡಿ. ಲಿಫ್ಟಿನ ಗುಂಡಿ, ಓಪಿಡಿ ಚೀಟಿ, ಬೋರ್ಡು, ಸೆಕ್ಯೂರಿಟಿಯವರ ಬಾಯಿ, ನಾಲ್ಕೂ ಕಡೆ ಒಂದೇ ಹೆಸರು ಇರಬೇಕು. (ದಾನಿಗಳ ಹೆಸರನ್ನು ಬ್ಲಾಕಿಗೆ ಇಡಲೇಬೇಕಾದರೆ ಕೆಳಗೆ ಚಿಕ್ಕದಾಗಿ ಹಾಕಿ, ಅವರೇನೂ ಬೇಜಾರಾಗುವುದಿಲ್ಲ. ಆಗಬಹುದು. ಆದರೂ ಚಿಕ್ಕದಾಗೇ ಹಾಕಿ.)

ಮ್ಯಾನೇಜ್‌ಮೆಂಟಿನವರು ಇದಕ್ಕೆಲ್ಲ ಯಾಕೆ ಖರ್ಚು ಅಂದರೆ ಒಂದು ಲೆಕ್ಕ ತೋರಿಸಿ. ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಆಸ್ಪತ್ರೆಯ ಬಗ್ಗೆ 1990ರಲ್ಲಿ ಬಂದ ಅಧ್ಯಯನದ ಪ್ರಕಾರ, ದಾರಿಯ ಗೊಂದಲದಿಂದಲೇ ವರ್ಷಕ್ಕೆ 2,20,000 ಡಾಲರಿಗೂ ಹೆಚ್ಚು ಹೋಗುತ್ತಿತ್ತು. ದಾರಿ ಹೇಳುವುದು ಯಾರ ಕೆಲಸ ಅಲ್ಲವೋ ಅಂಥ ಸಿಬ್ಬಂದಿ ಅದಕ್ಕೆ 4,500 ಗಂಟೆಗೂ ಜಾಸ್ತಿ ಕಳೆಯುತ್ತಿದ್ದರು. ನಿಮ್ಮ ನರ್ಸ್‌ಗಳ ಕತೆಯೂ ಅದೇ ಅಲ್ವಾ?

ಪ್ರಶ್ನೆ: ಆಸ್ಪತ್ರೆಯ ಬೋರ್ಡುಗಳಿಗೆ ಡಿಸೈನ್ ಮಾಡುತ್ತಿದ್ದೇನೆ. ಅಚ್ಚಕನ್ನಡ ಪದ ಹಾಕಲೋ, ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆಯಲೋ?
— ಡಿಸೈನರ್, ಹುಬ್ಬಳ್ಳಿ

ಉತ್ತರ: ರೋಗಿಯ ಬಾಯಲ್ಲಿ ಏನಿದೆಯೋ ಅದನ್ನು ಹಾಕಿ. ‘ಕ್ಷ-ಕಿರಣ ವಿಭಾಗ’ ಅನ್ನುವ ಬೋರ್ಡಿನ ಕೆಳಗೇ ನಿಂತುಕೊಂಡು ‘ಎಕ್ಸ್‌ರೇ ಎಲ್ಲಪ್ಪಾ’ ಅಂತ ಕೇಳುವ ಅಜ್ಜಿಯರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಂತ ಎಲ್ಲ ಕಡೆ ಇಂಗ್ಲಿಷೇ ಗೆಲ್ಲುವುದಿಲ್ಲ. ‘ಆರ್ಥೋಪೆಡಿಕ್ಸ್’ಗಿಂತ ‘ಮೂಳೆ’, ‘ಇಎನ್‌ಟಿ’ಗಿಂತ ‘ಕಿವಿ, ಮೂಗು, ಗಂಟಲು’, ‘ಪ್ರಸೂತಿ’ಗಿಂತ ‘ಹೆರಿಗೆ’ ಬೇಗ ತಲೆಗೆ ಹೋಗುತ್ತದೆ. ‘ತೀವ್ರ ನಿಗಾ ಘಟಕ’ ಪೇಪರಿನಲ್ಲಿ ಚೆಂದ, ಬೋರ್ಡಿಗೆ ಐಸಿಯು ಸಾಕು. ಹೊರಗಿನ ನಾಮಫಲಕದ ವಿಷಯ ಬೇರೆ. 2024ರ ಕಾಯ್ದೆ ತಿದ್ದುಪಡಿಯ ಪ್ರಕಾರ ಅದರಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ಅಕ್ಷರದ ವಿಷಯದಲ್ಲಿ ಡಿಸೈನರ್‌ಗಳು ತಪ್ಪುವುದು ಇಲ್ಲಿ: ಮೊದಲು ಇಂಗ್ಲಿಷ್ ಜೋಡಿಸಿ, ಉಳಿದ ಜಾಗಕ್ಕೆ ಕನ್ನಡವನ್ನು ತುರುಕುತ್ತಾರೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ‘ಸ್ತ್ರೀ’ಯ ಬುಡ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ದಪ್ಪ ಫಾಂಟ್ ಹಾಕಿದರೆ ಒಳಗಿನ ಸಂದು ಮುಚ್ಚಿ, ದೂರದಿಂದ ದ ಯಾವುದು ಧ ಯಾವುದು ಗೊತ್ತಾಗುವುದಿಲ್ಲ. ಇಂಗ್ಲಿಷಿಗೆ 25 ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಅನ್ನುವ ಅಂದಾಜಿದೆ, ಕನ್ನಡಕ್ಕೆ ಒಂದೂವರೆ ಇಂಚಾದರೂ ಇಡಿ ಅನ್ನುತ್ತೇನೆ ನಾನು. ಫ್ಲೆಕ್ಸಿಗೋ ಅಕ್ರಿಲಿಕ್ಕಿಗೋ ಕೊಡುವ ಮುಂಚೆ ಪೇಪರಿನಲ್ಲಿ ಪ್ರಿಂಟ್ ತೆಗೆದು ಒಂದು ವಾರ ಗೋಡೆಗೆ ಅಂಟಿಸಿ ನೋಡಿ. ತಪ್ಪಿದ್ದರೆ ಹರಿದು ಹಾಕಿದರಾಯಿತು.

ಪ್ರಶ್ನೆ: ಆಸ್ಪತ್ರೆ ಬೋರ್ಡಿನಲ್ಲಿ ಕೆಂಪು ಪ್ಲಸ್ ಹಾಕಬಾರದಂತೆ, ನಿಜವೇ?
— ಫಾರ್ಮಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಜ ಕಣಮ್ಮ. ಬಿಳಿ ಮೇಲಿನ ಕೆಂಪು ಶಿಲುಬೆ ರೆಡ್ ಕ್ರಾಸ್ ಮತ್ತು ಸೇನೆಯ ವೈದ್ಯಕೀಯ ಸೇವೆಯ ಗುರುತು. ಸ್ವಿಟ್ಜರ್ಲೆಂಡ್ ಧ್ವಜದ ಬಣ್ಣ ತಿರುಗಿಸಿದರೆ ಅದೇ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಬೇರೆ ಯಾರೂ ಅದನ್ನು ಬಳಸುವಂತಿಲ್ಲ. ಹಸಿರು ಪ್ಲಸ್ ಹಾಕಿ, ಯಾರೂ ಕೇಳುವುದಿಲ್ಲ.

ಪ್ರಶ್ನೆ: ನೆಲದ ಮೇಲೆ ಬಣ್ಣದ ಗೆರೆ ಎಳೆದರೆ ಓದಲು ಬಾರದವರಿಗೂ ಅನುಕೂಲ ಅಲ್ವಾ?
— ಓದುಗರು, ತುಮಕೂರು

ಉತ್ತರ: ಅನುಕೂಲವೇ, ಗೆರೆ ಮೂರು ದಾಟದಿದ್ದರೆ. ಆರೇಳು ಗೆರೆ ಎಳೆದರೆ ರಂಗೋಲಿ ಆಗುತ್ತದೆ. ಕೆಂಪು, ಹಸಿರು ಜೊತೆಗಿಡಬೇಡಿ, ಕೆಲವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಗೆರೆ ಉದ್ದಕ್ಕೂ ಅಲ್ಲಲ್ಲಿ ಚಿತ್ರ ಹಾಕಿ: ಕಣ್ಣು, ರಕ್ತದ ಹನಿ, ಮಗು. ಟ್ರಾಲಿ ಚಕ್ರಕ್ಕೆ ಬಣ್ಣ ಸವೆಯುತ್ತದೆ, ಮತ್ತೆ ಬಳಿಸಬೇಕು. ಎಲ್ಲಕ್ಕಿಂತ ಮುಖ್ಯ, ರೂಮು ಬದಲಾದ ದಿನವೇ ಗೆರೆಯನ್ನೂ ಬದಲಿಸುವ ಒಬ್ಬ ಮನುಷ್ಯ ಇರಬೇಕು, ಅವರ ಹೆಸರು ಎಲ್ಲರಿಗೂ ಗೊತ್ತಿರಬೇಕು. ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬಿಗೆ ಅಂತ ಹಳದಿ ಗೆರೆ ಹಿಡಿದು ಹೋದೆ. ಎರಡು ತಿರುವು, ಒಂದು ಇಳಿಜಾರು. ಆಮೇಲೆ ಗೆರೆ ನೆಟ್ಟಗೆ ಹೋಗಿ ಒಂದು ಪ್ಲೈವುಡ್ ಗೋಡೆಯ ಕೆಳಗೆ ನುಗ್ಗಿಬಿಟ್ಟಿತು. ನಿಂತು ನೋಡುತ್ತಿದ್ದೆ. ನೆಲ ಒರೆಸುತ್ತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದರು: ‘ಲ್ಯಾಬು ಕೆಳಕ್ಕೆ ಹೋಗಿ ಒಂದು ವರ್ಷ ಆಯ್ತು ಸಾರ್, ಗೆರೆ ನೋಡ್ಬೇಡಿ.’