ಕತ್ತಲೆಯ ಸಸಿ ಎತ್ತರವಾದದ್ದೇಕೆ?

ನಮಸ್ಕಾರ. ಮಲ್ಲೇಶ್ವರದ ನಿಮ್ಮ ಮನೆಯಲ್ಲಿ ಮಗಳು ಬಾಲ್ಕನಿಯಲ್ಲೊಂದು, ಕಪಾಟಿನಲ್ಲೊಂದು ಕುಂಡವಿಟ್ಟು ಹೆಸರುಕಾಳು ಬೆಳೆಸಿದಾಗ ಕಪಾಟಿನದೇ ಎತ್ತರವಾಯಿತು, ಪ್ರಯೋಗ ತಪ್ಪಾಯಿತೇ ಎಂದು ಕೇಳಿದ್ದೀರಿ. ಖಂಡಿತ ತಪ್ಪಾಗಿಲ್ಲ, ದಯವಿಟ್ಟು ಆ ಅಂಕಿಗಳನ್ನು ಅಳಿಸಲು ಬಿಡಬೇಡಿ. ಬೆಳಕು ಸಿಗದ ಸಸಿ, ಕಾಳಿನಲ್ಲಿ ಕೂಡಿಟ್ಟ ಆಹಾರವನ್ನೇ ಖರ್ಚು ಮಾಡಿ, ಬೆಳಕನ್ನರಸುತ್ತ ಕಾಂಡವನ್ನು ಚಾಚುತ್ತದೆ. ಆ ಕಾಂಡ ಬಿಳಿಚಿಕೊಂಡು, ಎಲೆ ಹಳದಿಯಾಗಿ ಮುದುಡಿರುವುದನ್ನು ಅವಳಿಗೆ ತೋರಿಸಿ. ಎತ್ತರವೊಂದನ್ನೇ ಬೆಳವಣಿಗೆಯೆಂದು ಎಣಿಸದೆ, ಎರಡು ವಾರದ ಬಳಿಕ ಎರಡೂ ಕಡೆಯ ತಲಾ 20 ಸಸಿಗಳನ್ನು ಬೇರುಸಹಿತ ತೊಳೆದು, ಪೂರ್ತಿ ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರೆ ಬಿಸಿಲಿನವೇ ಭಾರವಾಗಿರುತ್ತವೆ. ಮಣ್ಣು, ನೀರು ಒಂದೇ ಅಳತೆಯಲ್ಲಿರಲಿ. ಕಪಾಟಿನ ಬಿಸಿ ಬಾಲ್ಕನಿಯ ಬಿಸಿಯಂತಿರುವುದಿಲ್ಲವಾದ್ದರಿಂದ, ಮುಂದಿನ ಸಲ ಎರಡನ್ನೂ ಬಾಲ್ಕನಿಯಲ್ಲೇ ಇಟ್ಟು, ಒಂದಕ್ಕೆ ರಟ್ಟಿನ ಡಬ್ಬಿ ಮುಚ್ಚುವುದು ಹೆಚ್ಚು ಸರಿ.